ನಿಮ್ಮ ತಾಕಿನ ಫಲಿತಾಂಶ ಎಲ್ಲಿಯವರೆಗೆ ಸಲ್ಲುತ್ತದೆ? ದೀರ್ಘಾವಧಿ ಕೃಷಿ ಸಂಶೋಧನೆಗೆ ಪ್ರದೇಶಗಳ ನಕ್ಷೆ ಮಾಡುವ ಬಗೆ

ಇಪ್ಪತ್ತು ವರ್ಷ ಒಂದೇ ಹೊಲದಲ್ಲಿ ಪ್ರಯೋಗ ನಡೆಸಿ ಅದರ ಫಲಿತಾಂಶವನ್ನು ರೈತರ ಮುಂದಿಟ್ಟಾಗ ಮೊದಲು ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ನಿಮ್ಮ ಹೊಲದಲ್ಲಿ ಆಯಿತು, ಸರಿ. ನಮ್ಮ ಹೊಲದಲ್ಲೂ ಆಗುತ್ತದೆಯೇ?’ ಆಗಬಹುದು ಎಂದು ಹೇಳಿ ಮುಂದೆ ಸಾಗುವುದು ಸುಲಭ. ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಕೈಯಲ್ಲಿ ಒಂದು ನಕ್ಷೆ ಇರಬೇಕು. ನಮ್ಮ ತಾಕಿನ ಮಣ್ಣನ್ನು, ಮಳೆಯನ್ನು, ಬೇಸಾಯದ ರೀತಿಯನ್ನು ಹೋಲುವ ನೆಲ ಎಲ್ಲೆಲ್ಲಿದೆ, ಆ ಹೋಲಿಕೆ ಎಲ್ಲಿ ತೆಳುವಾಗುತ್ತದೆ, ಎಲ್ಲಿ ಮುಗಿದೇಹೋಗುತ್ತದೆ ಎಂಬುದನ್ನು ಅದು ತೋರಿಸಬೇಕು.

ದೀರ್ಘಾವಧಿ ಪ್ರಯೋಗಗಳಿಗೆ ಈ ನಕ್ಷೆ ಇನ್ನೂ ಹೆಚ್ಚು ಅಗತ್ಯ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1843ರಲ್ಲಿ ಆರಂಭಿಸಿದ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರೋ ತಾಕುಗಳು 1876ರಿಂದ ಇವೆ. ಮಣ್ಣಿನ ಸಾವಯವ ಇಂಗಾಲದ ಏರಿಳಿತ ಕೆಲವೊಮ್ಮೆ ಹತ್ತು ವರ್ಷ ಕಾದರೂ ಸ್ಪಷ್ಟವಾಗಿ ಕಾಣುವುದಿಲ್ಲ. ಹಾಗಾಗಿ ಇಂಥ ತಾಳ್ಮೆಗೆ ಬೆಲೆಯಿದೆ. ಆದರೆ ಇಷ್ಟು ಕಾಲ ಕಾಪಾಡಬೇಕಾದ ಪ್ರಯೋಗಗಳನ್ನು ಎಲ್ಲೆಂದರಲ್ಲಿ ನೂರಾರು ಸಂಖ್ಯೆಯಲ್ಲಿ ಹೂಡಲು ಯಾವ ದೇಶಕ್ಕೂ ಸಾಧ್ಯವಿಲ್ಲ. ಅಮೆರಿಕದ ಕೃಷಿ ಇಲಾಖೆಯ ಎಲ್‌ಟಿಎಆರ್ ಎಂಬ ದೀರ್ಘಾವಧಿ ಸಂಶೋಧನಾ ಜಾಲದಲ್ಲಿ, ಅಷ್ಟು ದೊಡ್ಡ ದೇಶಕ್ಕೆ, ಇಪ್ಪತ್ತಕ್ಕಿಂತ ಕಡಿಮೆ ತಾಣಗಳಿವೆ. ಒಂದೊಂದು ತಾಣವೂ ತನ್ನ ಸುತ್ತಲಿನ ವಿಶಾಲ ನೆಲದ ಪರವಾಗಿ ಮಾತನಾಡಬೇಕಾಗುತ್ತದೆ. ಯಾವ ನೆಲದ ಪರವಾಗಿ ಮಾತನಾಡುವ ಅಧಿಕಾರ ಅದಕ್ಕಿದೆ ಎಂಬುದನ್ನು ಗುರುತಿಸುವುದೇ ಪ್ರದೇಶ ನಕ್ಷೆಯ ಕೆಲಸ.

ಮಣ್ಣು ಮತ್ತು ಬೆಳೆಯ ಅಧ್ಯಯನದಲ್ಲಿ ತೊಡಗಿರುವ ಸಂಶೋಧಕರು, ವಿದ್ಯಾರ್ಥಿಗಳು, ಕ್ಷೇತ್ರ ಕೆಲಸ ಮಾಡುವ ಸಂಸ್ಥೆಗಳವರು ಈ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕ್ಯೂಜಿಐಎಸ್‌ನಂಥ ನಕ್ಷೆ ಮಾಡುವ ಉಚಿತ ತಂತ್ರಾಂಶ, ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಸ್ವಲ್ಪ ಪರಿಚಯ, ಸಾಧಾರಣ ಕಂಪ್ಯೂಟರ್ ಇದ್ದರೆ ಸಾಕು.

ಹೆಜ್ಜೆ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಿ

ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಬರೆಯಿರಿ: ಈ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು? ‘ಕೃಷಿ ಪ್ರದೇಶಗಳನ್ನು ಗುರುತಿಸುವುದು’ ಎಂದು ಬರೆದರೆ ಏನೂ ಬರೆದಂತಾಗುವುದಿಲ್ಲ.

ಒಂದೇ ನೆಲವನ್ನು ಹತ್ತು ರೀತಿ ವಿಂಗಡಿಸಬಹುದು. ಅಮೆರಿಕವನ್ನೇ ನೋಡಿ. ಅಲ್ಲಿನ ಕೃಷಿ ಇಲಾಖೆಯ ಅರ್ಥಶಾಸ್ತ್ರ ವಿಭಾಗ ಬೆಳೆ, ಜಾನುವಾರು ಮತ್ತು ಹಿಡುವಳಿಗಳ ಸ್ವರೂಪ ನೋಡಿ ದೇಶವನ್ನು 9 ಪ್ರದೇಶಗಳಾಗಿ ವಿಂಗಡಿಸಿತು. ನಿಯಾನ್ ಎಂಬ ರಾಷ್ಟ್ರೀಯ ಪರಿಸರ ವೀಕ್ಷಣಾ ಜಾಲ ಮುಖ್ಯವಾಗಿ ಹವಾಮಾನದ ಅಂಕಿಅಂಶಗಳನ್ನು ಆಧರಿಸಿ ಅದೇ ದೇಶವನ್ನು 20 ವಲಯಗಳಾಗಿ ಮಾಡಿತು. ನೀರಿನ ಅಧ್ಯಯನ ಮಾಡುವವರು ಜಲಾನಯನದ ಗೆರೆಗಳನ್ನು ಹಿಡಿದು ಬೇರೆಯೇ ನಕ್ಷೆ ಬಳಸುತ್ತಾರೆ. ಮೂರರಲ್ಲಿ ಯಾವುದೂ ತಪ್ಪಲ್ಲ. ಒಂದು ಪ್ರಶ್ನೆಗೆಂದು ಮಾಡಿದ ನಕ್ಷೆಯನ್ನು ಇನ್ನೊಂದು ಪ್ರಶ್ನೆಗೆ ಎಳೆದು ತಂದಾಗ ತಪ್ಪು ಶುರುವಾಗುತ್ತದೆ.

ಉಳುಮೆ ಕಡಿಮೆ ಮಾಡಿದರೆ ಮಣ್ಣಿನಲ್ಲಿ ಇಂಗಾಲ ಹೆಚ್ಚುತ್ತದೆಯೇ ಎಂಬುದು ನಿಮ್ಮ ಪ್ರಶ್ನೆಯಾದರೆ ಜೇಡಿಯ ಅಂಶ, ಉಷ್ಣಾಂಶ, ತೇವಾಂಶದ ಜತೆಗೆ ಕೊಯ್ಲಿನ ನಂತರ ಕೂಳೆ ಮತ್ತು ಹುಲ್ಲು ಹೊಲದಲ್ಲೇ ಉಳಿಯುತ್ತದೆಯೋ ದನಗಳ ಮೇವಾಗುತ್ತದೆಯೋ ಎಂಬ ಮಾಹಿತಿಯೂ ಬೇಕು. ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುತ್ತದೆಯೇ ಎಂಬುದು ಪ್ರಶ್ನೆಯಾದರೆ ಮಣ್ಣಿನ ಆಳ, ನೀರು ಬಸಿಯುವ ಗುಣ, ಅಂತರ್ಜಲದ ಮಟ್ಟ ಮುಖ್ಯವಾಗುತ್ತವೆ. ಸಣ್ಣ ಹಿಡುವಳಿಯ ಕುಟುಂಬಗಳ ಬದುಕು ಹಸನಾಗುತ್ತದೆಯೇ ಎಂದು ಕೇಳುವವರಿಗೆ ಮಾರುಕಟ್ಟೆಯ ದೂರ, ಕೂಲಿಯ ಲಭ್ಯತೆ, ಹಿಡುವಳಿಯ ಗಾತ್ರ ಇಲ್ಲದ ನಕ್ಷೆಯಿಂದ ಉಪಯೋಗವಿಲ್ಲ.

ಸುಸ್ಥಿರ ಕೃಷಿ ಎಂಬ ಮಾತಿನಲ್ಲಿ ಇಳುವರಿ, ಪರಿಸರ ಮತ್ತು ಜನರ ಬದುಕು ಮೂರೂ ಅಡಗಿವೆ. ಮೂರನ್ನೂ ಒಂದೇ ನಕ್ಷೆಯಲ್ಲಿ ಕಲಸಲು ಹೋಗಬೇಡಿ ಎಂಬುದು ನನ್ನ ಖಚಿತ ಸಲಹೆ. ಮಣ್ಣು, ಹವಾಮಾನ, ನೆಲದ ಏರಿಳಿತ ಸೇರಿದ ಒಂದು ಮೂಲ ನಕ್ಷೆ ಇರಲಿ. ಬೇಸಾಯ ಪದ್ಧತಿ ಮತ್ತು ಜನಜೀವನದ ನಕ್ಷೆ ಬೇರೆಯಾಗಿರಲಿ. ಒಂದರ ಮೇಲೊಂದನ್ನು ಇಟ್ಟು ನೋಡಿದಾಗ ಎರಡೂ ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದು ತಾನಾಗಿ ಕಾಣುತ್ತದೆ. ಒಂದೇ ಮಣ್ಣು, ಒಂದೇ ಮಳೆ ಇದ್ದರೂ ಎರಡು ಕಡೆ ಬೇಸಾಯ ಬೇರೆ ಬೇರೆ ಇದ್ದರೆ, ಅಲ್ಲಿ ಸಂಶೋಧನೆಗೆ ಒಂದು ಒಳ್ಳೆಯ ಪ್ರಶ್ನೆಯೇ ಕಾದಿದೆ.

ಹೆಜ್ಜೆ 2: ಎಷ್ಟು ನೆಲ, ಎಷ್ಟು ಸಣ್ಣ ಚೌಕ

ನಕ್ಷೆಯ ಹೊರಮೇರೆಯನ್ನು ನಿಮಗೆ ಬೇಕಾದ ಪ್ರದೇಶಕ್ಕಿಂತ ಸ್ವಲ್ಪ ಹೊರಗೇ ಇಟ್ಟುಕೊಳ್ಳಿ. ಮಣ್ಣಾಗಲಿ ಮಳೆಯಾಗಲಿ ಆಡಳಿತದ ಗಡಿ ಕಂಡು ನಿಲ್ಲುವುದಿಲ್ಲ. ಗಡಿಗೆ ಸರಿಯಾಗಿ ಕತ್ತರಿಸಿದರೆ, ಒಂದನ್ನೊಂದು ಹೋಲುವ ನೆಲವನ್ನು ಸೇರಿಸಿ ಮುಂದೆ ಮಾಡುವ ಗುಂಪುಗಳು ಅಂಚಿನಲ್ಲಿ ವಿಕಾರವಾಗಿ ಬರುತ್ತವೆ.

ಅನಂತರ ಮೂಲ ಘಟಕವನ್ನು ನಿರ್ಧರಿಸಿ: ಸಮಾನ ಗಾತ್ರದ ಚೌಕಗಳೇ, ಜಲಾನಯನಗಳೇ, ಆಡಳಿತ ಘಟಕಗಳೇ? ಬೆಳೆ ವಿಸ್ತೀರ್ಣ, ಜಾನುವಾರು ಗಣತಿಯಂಥ ಅಂಕಿಅಂಶ ಸಿಗುವುದು ಹೆಚ್ಚಾಗಿ ಆಡಳಿತ ಘಟಕಗಳ ಮಟ್ಟದಲ್ಲಿ. ಆದ್ದರಿಂದ ಅದನ್ನೇ ಆರಿಸಿಕೊಳ್ಳುವ ಸೆಳೆತ ಬಲವಾಗಿರುತ್ತದೆ. ಆದರೆ ಅರ್ಧ ಬೆಟ್ಟ, ಅರ್ಧ ಬಯಲು ಇರುವ ಒಂದು ಜಿಲ್ಲೆಯ ಸರಾಸರಿ ಇಳಿಜಾರನ್ನು ಲೆಕ್ಕ ಹಾಕಿದರೆ ಸಿಗುವುದು ಆ ಜಿಲ್ಲೆಯಲ್ಲಿ ಎಲ್ಲೂ ಇಲ್ಲದ ಒಂದು ನೆಲ. ಬೆಟ್ಟದ ರೈತರಿಗೂ ಅದು ಅನ್ವಯಿಸುವುದಿಲ್ಲ, ಬಯಲಿನವರಿಗೂ ಅನ್ವಯಿಸುವುದಿಲ್ಲ. ಘಟಕದ ಗಾತ್ರ ಮತ್ತು ಆಕಾರ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದು ಭೂಗೋಳ ಶಾಸ್ತ್ರದಲ್ಲಿ ಚೆನ್ನಾಗಿ ತಿಳಿದಿರುವ ಸಮಸ್ಯೆ. ಇದಕ್ಕೆ ಪೂರ್ಣ ಪರಿಹಾರವಿಲ್ಲ. ಎರಡು ಗಾತ್ರಗಳಲ್ಲಿ ಮಾಡಿ ಹೋಲಿಸಿ ನೋಡುವುದೊಂದೇ ದಾರಿ.

ದೇಶದ ಮಟ್ಟದ ಕೆಲಸಕ್ಕೆ 1 ಕಿ.ಮೀ. ಚೌಕ ಸಾಮಾನ್ಯವಾಗಿ ಸಾಕು. ಸಣ್ಣ ಪ್ರದೇಶಕ್ಕೆ 250 ಮೀಟರ್ ಅಥವಾ ಅದಕ್ಕೂ ಕಿರಿದು. ಇಲ್ಲಿ ಒಂದು ಎಚ್ಚರಿಕೆ: 1 ಕಿ.ಮೀ. ಮಳೆ ಮಾಹಿತಿಯನ್ನು 30 ಮೀಟರ್ ಚೌಕಗಳಾಗಿ ಒಡೆದರೆ ಚಿತ್ರ ನುಣುಪಾಗುತ್ತದೆ, ಆದರೆ ತಿಳಿವಳಿಕೆ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ.

ಹೆಜ್ಜೆ 3: ಪದರಗಳನ್ನು ಕೂಡಿಹಾಕಿ

ಪದರವೆಂದರೆ ಇಡೀ ಪ್ರದೇಶದಲ್ಲಿ ಒಂದು ಗುಣ ಹೇಗಿದೆ ಎಂದು ತೋರಿಸುವ ಒಂದು ನಕ್ಷೆ. ಹವಾಮಾನದಿಂದ ಆರಂಭಿಸೋಣ. ಒಂದೆರಡು ವರ್ಷಗಳ ಅಂಕಿಯನ್ನು ನೆಚ್ಚಬೇಡಿ. ವಿಶ್ವ ಹವಾಮಾನ ಸಂಸ್ಥೆ 30 ವರ್ಷಗಳ ಸರಾಸರಿಯನ್ನು ಮಾನದಂಡವಾಗಿ ಬಳಸುತ್ತದೆ, ಈಗಿನ ಅವಧಿ 1991ರಿಂದ 2020. ಹಲವರು ವಾರ್ಷಿಕ ಮಳೆಯ ಮೊತ್ತವನ್ನು ಹಾಕಿ ಮುಗಿಸಿಬಿಡುತ್ತಾರೆ. ಮೂರು ತಿಂಗಳಲ್ಲಿ ಸುರಿದುಹೋಗುವ 800 ಮಿ.ಮೀ. ಮಳೆಯೂ ಒಂಬತ್ತು ತಿಂಗಳು ಹದವಾಗಿ ಬೀಳುವ 800 ಮಿ.ಮೀ. ಮಳೆಯೂ ಬೆಳೆಯ ಪಾಲಿಗೆ ಎರಡು ಬೇರೆ ಲೋಕಗಳು.

ಇದಕ್ಕಾಗಿ ಎರಡು ಅಳತೆಗಳು ಬಹಳ ಉಪಯುಕ್ತ. ಒಂದು, ಶುಷ್ಕತೆಯ ಸೂಚ್ಯಂಕ: ವರ್ಷದ ಮಳೆಯನ್ನು, ನೆಲದಿಂದಲೂ ಗಿಡಗಳಿಂದಲೂ ಆವಿಯಾಗಿ ಹೋಗಬಹುದಾದ ನೀರಿನ ಪ್ರಮಾಣದಿಂದ ಭಾಗಿಸಿದರೆ ಸಿಗುವ ಅಂಕಿ. ಅದು 0.20ರಿಂದ 0.50ರ ನಡುವೆ ಇದ್ದರೆ ಆ ನೆಲವನ್ನು ಅರೆಶುಷ್ಕ ಎನ್ನುತ್ತಾರೆ, 0.50ರಿಂದ 0.65ರವರೆಗೆ ಇದ್ದರೆ ಒಣ ಉಪಾರ್ದ್ರ. ಇನ್ನೊಂದು, ಬೆಳೆಯುವ ಅವಧಿಯ ಉದ್ದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕೃಷಿ ಪರಿಸರ ವಲಯಗಳನ್ನು ಗುರುತಿಸಲು ಇದನ್ನೇ ಆಧಾರವಾಗಿ ಬಳಸಿತು. ಮಳೆಯು ಆವಿಯಾಗಬಹುದಾದ ನೀರಿನ ಅರ್ಧಕ್ಕಿಂತ ಹೆಚ್ಚಾದ ದಿನದಿಂದ ಅವಧಿ ಆರಂಭ. ಮಳೆ ತಗ್ಗಿದ ಮೇಲೂ ಮಣ್ಣಿನಲ್ಲಿ ಉಳಿದ ತೇವ ಖರ್ಚಾಗುವವರೆಗೆ ಅದು ಮುಂದುವರಿಯುತ್ತದೆ. ಉಷ್ಣಾಂಶವೂ ಬೆಳೆಗೆ ಸಾಕಷ್ಟಿರಬೇಕು. ಒಂದೇ ಅಂಕಿ ಬೇಕೆಂದರೆ ನಾನು ಆರಿಸಿಕೊಳ್ಳುವುದು ಇದನ್ನೇ, ಏಕೆಂದರೆ ರೈತರು ಕಾಲವನ್ನು ಯೋಚಿಸುವ ರೀತಿಗೆ ಇದು ಹತ್ತಿರವಾಗಿದೆ.

ಮಣ್ಣಿನ ವಿಷಯಕ್ಕೆ ಬಂದರೆ, ಐಎಸ್‌ಆರ್‌ಐಸಿ ಎಂಬ ಮಣ್ಣು ಮಾಹಿತಿ ಸಂಸ್ಥೆಯ ಸಾಯಿಲ್‌ಗ್ರಿಡ್ಸ್ ಜಗತ್ತಿನ ಎಲ್ಲ ಕಡೆಗೂ 250 ಮೀಟರ್ ಚೌಕಗಳಲ್ಲಿ, 2 ಮೀಟರ್ ಆಳದವರೆಗೆ ಆರು ಸ್ತರಗಳಲ್ಲಿ ಮರಳು, ಜೇಡಿ, ರಸಸಾರ (ಪಿಎಚ್), ಸಾವಯವ ಇಂಗಾಲ ಮುಂತಾದವನ್ನು ಉಚಿತವಾಗಿ ಕೊಡುತ್ತದೆ. ಒಂದು ಮಾತು ನೆನಪಿರಲಿ: ಪ್ರತಿಯೊಂದು ಚೌಕದಲ್ಲೂ ಯಾರೋ ಗುಂಡಿ ತೋಡಿ ಅಳೆದ ಅಂಕಿ ಅದಲ್ಲ. ತೋಡಿದ ಕಡೆಯ ಮಾಹಿತಿಯಿಂದ ಉಳಿದ ಕಡೆಯದನ್ನು ಅಂದಾಜಿಸಲಾಗಿದೆ. ಮಾದರಿಗಳು ವಿರಳವಾಗಿರುವ ಕಡೆ ಅಂದಾಜು ಸಡಿಲವಾಗಿರುತ್ತದೆ. ಆ ಅನಿಶ್ಚಿತತೆಯ ಪದರವೂ ಅವರಲ್ಲಿ ಸಿಗುತ್ತದೆ, ಮರೆಯದೆ ಇಳಿಸಿಕೊಳ್ಳಿ. ನಿಮ್ಮ ಪ್ರದೇಶದ ವಿವರವಾದ ಮಣ್ಣು ಸಮೀಕ್ಷೆ ಸಿಕ್ಕರೆ ಅದಕ್ಕೇ ಮೊದಲ ಮಣೆ ಹಾಕಿ.

ನೆಲದ ಏರಿಳಿತಕ್ಕೆ 2000ರ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಮಾಹಿತಿ ಸುಮಾರು 30 ಮೀಟರ್ ಸೂಕ್ಷ್ಮತೆಯಲ್ಲಿ ಲಭ್ಯವಿದೆ. ಇಳಿಜಾರು, ನೀರು ಹರಿದು ಸೇರುವ ತಗ್ಗುಗಳನ್ನು ಅದರಿಂದಲೇ ತೆಗೆಯಬಹುದು.

ಬೆಳೆ ಮತ್ತು ನೆಲಬಳಕೆಗೆ ಉಪಗ್ರಹ ಚಿತ್ರಗಳಿವೆ. ಲ್ಯಾಂಡ್‌ಸ್ಯಾಟ್ ಸರಣಿ 1972ರಿಂದ ಭೂಮಿಯನ್ನು ನೋಡುತ್ತಿದೆ. ಹಳೆಯ ಕಾಲದ ಜತೆ ಹೋಲಿಸಲು ಅದಕ್ಕೆ ಸಾಟಿಯಿಲ್ಲ. ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಸುಮಾರು ಐದು ದಿನಕ್ಕೊಮ್ಮೆ ಕೊಡುತ್ತವೆ. ಆದರೆ ಒಂದೇ ವರ್ಷದ ಬೆಳೆ ನಕ್ಷೆ ಮೋಸ ಮಾಡುತ್ತದೆ. ಈ ವರ್ಷ ಜೋಳ, ಮುಂದಿನ ವರ್ಷ ಕಡಲೆ ಎಂಬ ಬೆಳೆ ಸರದಿ ಇರುವ ಕಡೆ ಕನಿಷ್ಠ ಮೂರರಿಂದ ಐದು ವರ್ಷಗಳ ಚಿತ್ರ ನೋಡಿದರೆ ಮಾತ್ರ ಪದ್ಧತಿ ಕಾಣುತ್ತದೆ. ನೀರಾವರಿಯ ಮೂಲ, ಜಾನುವಾರು ಸಾಂದ್ರತೆ, ಮಾರುಕಟ್ಟೆಗೆ ಹೋಗಲು ಹಿಡಿಯುವ ಸಮಯ ಇವನ್ನೂ ಸಿಕ್ಕಷ್ಟು ಸೇರಿಸಿ.

ಪ್ರತಿ ಪದರಕ್ಕೂ ಒಂದು ದಾಖಲೆ ಸಾಲು ಬರೆದಿಡಿ: ಎಲ್ಲಿಂದ ಬಂತು, ಯಾವ ವರ್ಷದ್ದು, ಎಷ್ಟು ಸೂಕ್ಷ್ಮ, ಬಳಕೆಯ ಷರತ್ತೇನು. ಇವತ್ತು ಹತ್ತು ನಿಮಿಷದ ಕೆಲಸ. ಐದು ವರ್ಷದ ನಂತರ ನಿಮ್ಮ ಜಾಗಕ್ಕೆ ಬಂದವರಿಗೆ ಅದಿಲ್ಲದಿದ್ದರೆ ಇಡೀ ನಕ್ಷೆ ನಿರುಪಯುಕ್ತ.

ಹೆಜ್ಜೆ 4: ಎಲ್ಲವನ್ನೂ ಒಂದೇ ಸಮವಿಸ್ತೀರ್ಣ ಪ್ರಕ್ಷೇಪಕ್ಕೆ ತನ್ನಿ

ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆಯೇ ಪ್ರಕ್ಷೇಪ. ವಿಸ್ತೀರ್ಣ ಕೆಡದಂತೆ ಇಳಿಸಿದರೆ ಅದು ಸಮವಿಸ್ತೀರ್ಣ. ಭೂಮಧ್ಯರೇಖೆಯಲ್ಲಿ ಒಂದು ಡಿಗ್ರಿ ರೇಖಾಂಶದ ಅಂತರ ಸುಮಾರು 111 ಕಿ.ಮೀ. 60 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಡಿಗ್ರಿಯ ಲೆಕ್ಕದ ಚೌಕಗಳನ್ನು ಹಾಗೆಯೇ ಎಣಿಸಿದರೆ ಧ್ರುವದ ಕಡೆಯ ನೆಲಕ್ಕೆ ಇಲ್ಲದ ತೂಕ ಬರುತ್ತದೆ. ಅಂತರ್ಜಾಲದ ನಕ್ಷೆಗಳು ಬಳಸುವ ಮರ್ಕೇಟರ್ ಪ್ರಕ್ಷೇಪದಲ್ಲಂತೂ 60 ಡಿಗ್ರಿಯ ಬಳಿಯ ವಿಸ್ತೀರ್ಣ ನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ. ಆಲ್ಬರ್ಸ್ ಅಥವಾ ಲ್ಯಾಂಬರ್ಟ್ ಸಮವಿಸ್ತೀರ್ಣ ಪ್ರಕ್ಷೇಪವನ್ನು ಆರಿಸಿ, ಎಲ್ಲ ಪದರಗಳನ್ನೂ ಅದಕ್ಕೆ ತಂದು, ಚೌಕಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಯೇ ನೋಡಿ ಮುಂದೆ ಹೋಗಿ.

ಹೆಜ್ಜೆ 5: ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಿ

ಈ ಕೆಲಸ ಆರಂಭಿಸಿದ ದಿನಗಳಲ್ಲಿ ನಾನೊಂದು ನಕ್ಷೆ ಮಾಡಿದ್ದೆ. ಮಳೆ, ರಸಸಾರ, ಇಳಿಜಾರು, ಇಂಗಾಲ ಎಲ್ಲವನ್ನೂ ಸೇರಿಸಿ ಗುಂಪು ಮಾಡಿದಾಗ ಅಚ್ಚುಕಟ್ಟಾದ ಪಟ್ಟಿಗಳು ಬಂದವು, ನೋಡಿ ಸಂತೋಷವಾಯಿತು. ಮರುದಿನ ಅದನ್ನು ಮಳೆಯ ನಕ್ಷೆಯ ಪಕ್ಕದಲ್ಲಿ ಇಟ್ಟಾಗ ತಿಳಿಯಿತು: ಎರಡೂ ಒಂದೇ. ಮಳೆಯ ಅಂಕಿ 300ರಿಂದ 3000ದವರೆಗೆ ಓಡುತ್ತದೆ, ರಸಸಾರ 4.5ರಿಂದ 8.5ರೊಳಗೇ ಇರುತ್ತದೆ. ಹಾಗೆಯೇ ಹಾಕಿದ್ದರಿಂದ ಮಳೆಯ ದೊಡ್ಡ ದನಿಯಲ್ಲಿ ಮಣ್ಣಿನ ಮಾತು ಕೇಳಿಸಿರಲೇ ಇಲ್ಲ.

ಆದ್ದರಿಂದ ಪ್ರತಿ ಪದರದ ಅಂಕಿಯಿಂದ ಅದರ ಸರಾಸರಿಯನ್ನು ಕಳೆದು, ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂದು ಹೇಳುವ ಮಾನಕ ವಿಚಲನೆಯಿಂದ ಭಾಗಿಸಿ. ಆಗ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಮಳೆ, ಇಳಿಜಾರುಗಳಂತೆ ಕೆಲವೇ ಕಡೆ ತೀರಾ ಹೆಚ್ಚಿರುವ ಅಂಕಿಗಳಿಗೆ ಮೊದಲು ಲಾಗರಿದಮ್ ತೆಗೆದುಕೊಳ್ಳುವುದು ಒಳ್ಳೆಯದು. ಇಳಿಜಾರು ಸೊನ್ನೆ ಇರುವ ಚೌಕಗಳೂ ಇರುವುದರಿಂದ ಅಲ್ಲಿ ಒಂದನ್ನು ಕೂಡಿಸಿ ತೆಗೆಯಬೇಕು. ಮಣ್ಣಿನ ವರ್ಗದಂಥ ಹೆಸರುಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು ಲೆಕ್ಕಕ್ಕೆ ಹಾಕಬೇಡಿ. ಮೂರನೇ ವರ್ಗ ಒಂದನೆಯದಕ್ಕಿಂತ ಮೂರು ಪಟ್ಟು ಏನೂ ಅಲ್ಲ. ಅಂಕಿ ಮತ್ತು ಹೆಸರು ಬೆರೆತಿರುವ ಕಡೆ ಗೋವರ್ ಅಂತರ ಎಂಬ ಅಳತೆಯನ್ನು ಬಳಸಬಹುದು.

ಇನ್ನೊಂದು ಬಲೆ: ಸರಾಸರಿ ಉಷ್ಣಾಂಶ, ಗರಿಷ್ಠ, ಕನಿಷ್ಠ, ಸಮುದ್ರಮಟ್ಟದಿಂದ ಎತ್ತರ ಇವು ನಾಲ್ಕೂ ಹೆಚ್ಚುಕಡಿಮೆ ಒಂದೇ ಸುದ್ದಿಯನ್ನು ಹೇಳುತ್ತವೆ. ನಾಲ್ಕನ್ನೂ ಹಾಕಿದರೆ ಉಷ್ಣಾಂಶಕ್ಕೆ ನಾಲ್ಕು ಮತ ಕೊಟ್ಟಂತೆ. ಪದರಗಳ ನಡುವಿನ ಸಹಸಂಬಂಧವನ್ನು ನೋಡಿ ಒಂದನ್ನು ಉಳಿಸಿ ಉಳಿದವನ್ನು ಬಿಡಿ. ಹಲವು ಪದರಗಳನ್ನು ಬೆರೆಸಿ ಕೆಲವೇ ಹೊಸ ಅಂಕಿಗಳಿಗೆ ಇಳಿಸುವ ಪ್ರಧಾನ ಘಟಕ ವಿಶ್ಲೇಷಣೆಯಿಂದ ಇದನ್ನು ಯಾಂತ್ರಿಕವಾಗಿಯೂ ಮಾಡಬಹುದು. ಆದರೆ ನಾನು ಕೈಯಾರೆ ಆರಿಸುವುದನ್ನೇ ಇಷ್ಟಪಡುತ್ತೇನೆ. ಈ ಗೆರೆ ಇಲ್ಲೇಕೆ ಬಂತು ಎಂದು ರೈತರೊಬ್ಬರು ಕೇಳಿದಾಗ ‘ಎರಡನೆಯ ಪ್ರಧಾನ ಘಟಕ ಇಲ್ಲಿ ಬದಲಾಗುತ್ತದೆ’ ಎಂದು ಉತ್ತರಿಸಲು ನನಗೆ ಮನಸ್ಸು ಬರುವುದಿಲ್ಲ. ‘ಇಲ್ಲಿಂದಾಚೆ ಮಣ್ಣು ಅರ್ಧ ಮೀಟರಿಗಿಂತ ಆಳವಿಲ್ಲ’ ಎಂದರೆ ಅವರು ಹೌದು ಎನ್ನಲೂ ಬಲ್ಲರು, ಅಲ್ಲ ಎನ್ನಲೂ ಬಲ್ಲರು.

ಹೆಜ್ಜೆ 6: ಗುಂಪು ಮಾಡಿ, ಆದರೆ ಒಂದು ಸಲಕ್ಕೆ ನಿಲ್ಲಿಸಬೇಡಿ

ಹೆಚ್ಚು ಬಳಕೆಯಲ್ಲಿರುವುದು ಕೆ-ಮೀನ್ಸ್ ವಿಧಾನ. ಎಷ್ಟು ಗುಂಪು ಬೇಕೆಂದು ನೀವು ಹೇಳಿದರೆ, ಒಳಗಿನ ವ್ಯತ್ಯಾಸ ಕನಿಷ್ಠವಾಗುವಂತೆ ಅದು ಚೌಕಗಳನ್ನು ಹಂಚುತ್ತದೆ. ಆರಂಭದ ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸುವುದರಿಂದ ಪ್ರತಿ ಸಲ ಉತ್ತರ ತುಸು ಬದಲಾಗಬಹುದು. ಕನಿಷ್ಠ ಐವತ್ತು ಆರಂಭಗಳಿಂದ ಓಡಿಸಿ ಉತ್ತಮವಾದುದನ್ನು ಇಟ್ಟುಕೊಳ್ಳಿ.

ಎಷ್ಟು ಗುಂಪು ಎಂಬುದೇ ಎಲ್ಲರನ್ನೂ ಕಾಡುವ ಪ್ರಶ್ನೆ. ಸಿಲೂಯೆಟ್ ಎಂಬ ಸೂಚ್ಯಂಕ -1ರಿಂದ 1ರವರೆಗೆ ಇರುತ್ತದೆ. 1ಕ್ಕೆ ಹತ್ತಿರವಾದಷ್ಟೂ ಗುಂಪುಗಳು ಬೇರೆ ಬೇರೆಯಾಗಿ ನಿಂತಿವೆ ಎಂದರ್ಥ. ಆದರೆ ನೆಲದ ಗುಣ ನಿಧಾನವಾಗಿ ಬದಲಾಗುವಂಥದ್ದು. ಆದ್ದರಿಂದ ಈ ಸೂಚ್ಯಂಕ ಸ್ಪಷ್ಟ ಉತ್ತರ ಕೊಡುವುದು ಅಪರೂಪ. ನಾನು ಮಾಡುವುದು ಹೀಗೆ: 6, 9, 12, 20 ಗುಂಪುಗಳ ನಾಲ್ಕು ನಕ್ಷೆಗಳನ್ನು ಮಾಡಿ ಪಕ್ಕಪಕ್ಕದಲ್ಲಿ ಗೋಡೆಗೆ ಅಂಟಿಸುತ್ತೇನೆ. ನಾಲ್ಕರಲ್ಲೂ ಅದೇ ಜಾಗದಲ್ಲಿ ಬರುವ ಗೆರೆಗಳು ನೆಲದಲ್ಲೇ ಇರುವ ಗೆರೆಗಳು. ಸಂಖ್ಯೆ ಬದಲಾದಾಗಲೆಲ್ಲ ಅತ್ತಿತ್ತ ಜರುಗುವ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳುತ್ತೇನೆ, ಮುಂದೆ ಅವನ್ನೇ ಹೊಲದಲ್ಲಿ ಪರೀಕ್ಷಿಸಬೇಕಾಗುತ್ತದೆ. ಅಂತಿಮ ಸಂಖ್ಯೆಯನ್ನು ನಿರ್ಧರಿಸುವಾಗ ಕೈಯಲ್ಲಿರುವ ತಾಣಗಳನ್ನೂ ಜನರನ್ನೂ ಗಮನದಲ್ಲಿಡಿ. ಆರು ತಾಣಗಳನ್ನಷ್ಟೇ ನಡೆಸಬಲ್ಲ ತಂಡಕ್ಕೆ ನಲವತ್ತು ವಲಯಗಳ ನಕ್ಷೆಯಿಂದ ಏನೂ ಪ್ರಯೋಜನವಿಲ್ಲ.

ಒಂದೇ ಗುಂಪಿನ ನೆಲ ದೂರದೂರದ ಎರಡು ಕಡೆ ಬಂದರೆ ಗಾಬರಿಯಾಗಬೇಡಿ. ನೆಲದ ಬಗೆ ಬೇರೆ, ಪ್ರದೇಶ ಬೇರೆ. ಫಲಿತಾಂಶ ಎಲ್ಲಿ ಸಲ್ಲುತ್ತದೆ ಎಂದು ನೋಡುವಾಗ ಬಗೆಯನ್ನು ಹಾಗೆಯೇ ಬಿಡಿ, ದೂರದ ಆ ತುಣುಕೂ ನಿಮ್ಮ ತಾಣದ ಬಂಧುವೇ. ಕೆಲಸ ಹಂಚಿಕೆಗೆ, ಓಡಾಟಕ್ಕೆ ಅಖಂಡ ಪ್ರದೇಶ ಬೇಕೆಂದರೆ, ಪಕ್ಕಪಕ್ಕದ ಚೌಕಗಳನ್ನು ಮಾತ್ರ ಸೇರಿಸಬೇಕೆಂಬ ನಿಬಂಧನೆ ಹಾಕುವ ವಿಧಾನಗಳಿವೆ. ಯಾವುದನ್ನು ಮಾಡಿದ್ದೀರಿ ಎಂಬುದನ್ನು ನಕ್ಷೆಯ ಮೇಲೆಯೇ ಬರೆಯಿರಿ.

ಹೆಜ್ಜೆ 7: ಗೆರೆಯ ದಪ್ಪವನ್ನು ತೋರಿಸಿ

ಹೊಲದ ಬದುವಿನ ಆಚೆ ಒಬ್ಬರದು, ಈಚೆ ಇನ್ನೊಬ್ಬರದು. ಪ್ರದೇಶ ನಕ್ಷೆಯ ಗೆರೆ ಹಾಗಲ್ಲ. ಎತ್ತರದ ಪ್ರಸ್ಥಭೂಮಿ ಕಡಿದಾಗಿ ಇಳಿಯುವ ಅಂಚಿನಲ್ಲಿ, ಒಂದು ಬಗೆಯ ಶಿಲೆ ಮುಗಿದು ಇನ್ನೊಂದು ಶುರುವಾಗುವಲ್ಲಿ ಗೆರೆ ನಿಜಕ್ಕೂ ತೆಳ್ಳಗಿರುತ್ತದೆ. ಬಯಲಿನಲ್ಲಿ ಮಳೆ ಮೆಲ್ಲಮೆಲ್ಲನೆ ಕಡಿಮೆಯಾಗುತ್ತ ಹೋಗುವಲ್ಲಿ ಅದು ನೂರು ಕಿ.ಮೀ. ಅಗಲವೂ ಇರಬಹುದು.

ಇದಕ್ಕೆ ಬಹಳ ಹಳೆಯ ಉದಾಹರಣೆಯೊಂದಿದೆ. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲಿ ಅಮೆರಿಕದ ಒಣ ಪ್ರದೇಶಗಳ ಬಗ್ಗೆ ವರದಿ ಸಲ್ಲಿಸುತ್ತಾ, ಸುಮಾರು 100ನೇ ಪಶ್ಚಿಮ ರೇಖಾಂಶದ ಆಚೆಗೆ ಮಳೆಯನ್ನಷ್ಟೇ ನಂಬಿ ಬೇಸಾಯ ಮಾಡುವುದು ಕಷ್ಟ ಎಂದು ಎಚ್ಚರಿಸಿದ್ದ. ವರ್ಷಕ್ಕೆ 20 ಅಂಗುಲ, ಅಂದರೆ ಸುಮಾರು 500 ಮಿ.ಮೀ. ಮಳೆ ಅವನ ಅಳತೆಗೋಲು. ಆ ಗೆರೆ ಸ್ಥೂಲವಾಗಿ ಸರಿಯೇ ಆಗಿತ್ತು. ಆದರೆ ಒಳ್ಳೆಯ ಮಳೆಯ ವರ್ಷಗಳಲ್ಲಿ ಅದು ಪಶ್ಚಿಮಕ್ಕೆ ಸರಿಯುತ್ತದೆ, ಬರಗಾಲದಲ್ಲಿ ಪೂರ್ವಕ್ಕೆ ಬರುತ್ತದೆ. ಗೆರೆಯ ಸುತ್ತಲಿನ ಆ ಅಲುಗಾಡುವ ಪಟ್ಟಿಯಲ್ಲಿ ಹೊಲ ಮಾಡಿದವರೇ ಹೆಚ್ಚು ಪೆಟ್ಟು ತಿನ್ನುವವರು. ನಕ್ಷೆ ಆ ಪಟ್ಟಿಯನ್ನು ತೋರಿಸದೆ ಗೆರೆಯನ್ನು ಮಾತ್ರ ತೋರಿಸಿದರೆ ಅವರಿಗೆ ಅನ್ಯಾಯವಾಗುತ್ತದೆ.

ತಾಂತ್ರಿಕವಾಗಿ ಇದು ಕಷ್ಟವಲ್ಲ. ಫಜ್ಜಿ ಸಿ-ಮೀನ್ಸ್ ವಿಧಾನ ಪ್ರತಿ ಚೌಕಕ್ಕೂ ಪ್ರತಿ ಗುಂಪಿನ ಸದಸ್ಯತ್ವವನ್ನು 0ಯಿಂದ 1ರವರೆಗಿನ ಅಂಕಿಯಾಗಿ ಕೊಡುತ್ತದೆ. ಅತಿ ಹೆಚ್ಚಿನ ಸದಸ್ಯತ್ವ 0.7ಕ್ಕಿಂತ ಮೇಲಿದ್ದರೆ ಗಾಢ ಬಣ್ಣ, ಕಡಿಮೆಯಿದ್ದರೆ ತಿಳಿ ಬಣ್ಣ ಎಂದು ಮಾಡಿ. ಈ 0.7 ನಾನು ಇಟ್ಟುಕೊಂಡಿರುವ ಮಿತಿ, ಗುಂಪುಗಳು ಹೆಚ್ಚಿದ್ದರೆ ಅದನ್ನು ಇಳಿಸಬೇಕಾಗುತ್ತದೆ. ಗಾಢವಾಗಿರುವುದು ಪ್ರದೇಶದ ಒಡಲು, ತಿಳಿಯಾಗಿರುವುದು ಅದರ ಅಂಚು.

ಹೆಜ್ಜೆ 8: ತಾಣಗಳನ್ನು ನಕ್ಷೆಯ ಮೇಲಿಟ್ಟು ನೋಡಿ

ಈಗ ಮೊದಲ ಪ್ರಶ್ನೆಗೆ ಬರೋಣ. ಸಂಶೋಧನಾ ತಾಣ ಇರುವ ಚೌಕದ ಗುಣಗಳನ್ನು ತೆಗೆದುಕೊಳ್ಳಿ. ನಕ್ಷೆಯ ಪ್ರತಿಯೊಂದು ಚೌಕವೂ ಅದರಿಂದ ಎಷ್ಟು ದೂರ ಎಂದು ಲೆಕ್ಕ ಹಾಕಿ. ಇಲ್ಲಿ ದೂರ ಎಂದರೆ ಕಿ.ಮೀ. ಅಲ್ಲ, ಮಣ್ಣು, ಮಳೆ, ಉಷ್ಣಾಂಶಗಳ ವ್ಯತ್ಯಾಸ. ಹಲವು ತಾಣಗಳಿದ್ದರೆ ಪ್ರತಿ ಚೌಕಕ್ಕೂ ಅತಿ ಹತ್ತಿರದ ತಾಣದ ದೂರವನ್ನು ಇಟ್ಟುಕೊಳ್ಳಿ. ಹೀಗೆ ಬರುವ ನಕ್ಷೆಯಲ್ಲಿ ಎಲ್ಲ ತಾಣಗಳಿಂದಲೂ ದೂರವಿರುವ ನೆಲ ಎದ್ದು ಕಾಣುತ್ತದೆ. ಹೊಸ ತಾಣ ಬೇಕಾಗಿರುವುದು ಅಲ್ಲಿ. ಹಣ ಎಲ್ಲಿ ಹಾಕಬೇಕೆಂದು ಕೇಳುವ ಸಮಿತಿಯ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ.

ಆದರೆ ಈ ಲೆಕ್ಕದಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುವ ಒಂದು ವಿಷಯವಿದೆ. ಸಂಶೋಧನಾ ಕೇಂದ್ರಗಳನ್ನು ಬಹಳಷ್ಟು ಕಡೆ ಸಮತಟ್ಟಾದ, ರಸ್ತೆಗೆ ಹತ್ತಿರವಾದ, ನೀರಿನ ಸೌಕರ್ಯವಿರುವ, ಕಸುವುಳ್ಳ ನೆಲದಲ್ಲಿ ಕಟ್ಟಲಾಗಿದೆ. ಪ್ರದೇಶದ ನಟ್ಟನಡುವೆ ಇದ್ದರೂ ಅಂಥ ಕೇಂದ್ರ ಆ ಪ್ರದೇಶದ ಸಾಮಾನ್ಯ ಹೊಲದಂತೆ ಇರುವುದಿಲ್ಲ. 1 ಕಿ.ಮೀ. ಚೌಕ ಇದನ್ನು ಮರೆಮಾಚುತ್ತದೆ. ಆದ್ದರಿಂದ ತಾಕಿನಲ್ಲೇ ಅಳೆದ ಮಣ್ಣಿನ ಆಳ, ಇಂಗಾಲ, ಇಳಿಜಾರುಗಳನ್ನು ಪ್ರದೇಶದ ಎಲ್ಲ ಸಾಗುವಳಿ ಚೌಕಗಳ ಜತೆ ಕಡಿಮೆಯಿಂದ ಹೆಚ್ಚಿನ ಕಡೆಗೆ ಸಾಲಾಗಿ ನಿಲ್ಲಿಸಿ, ನಿಮ್ಮ ತಾಕು ನೂರರಲ್ಲಿ ಎಷ್ಟನೆಯದು ಎಂದು ನೋಡಿ. ಮಣ್ಣಿನ ಆಳದಲ್ಲಿ 95ನೆಯದಾಗಿದ್ದರೆ ಆ ಫಲಿತಾಂಶ ತೆಳುಮಣ್ಣಿನ ರೈತರಿಗೆ ಸಲ್ಲುವುದಿಲ್ಲವೆಂದು ನೇರವಾಗಿ ಬರೆಯಿರಿ. ಜತೆಗೆ ರೈತರ ಹೊಲಗಳಲ್ಲೇ ಕೆಲವು ಉಪತಾಕುಗಳನ್ನು ಇಡಲು ಯೋಜಿಸಿ.

ಹೆಜ್ಜೆ 9: ನಕ್ಷೆ ಹಿಡಿದು ಹೊಲಕ್ಕೆ ಹೋಗಿ

ಯಾವ ಕಾರಣಕ್ಕೂ ಬಿಡಬಾರದ ಹೆಜ್ಜೆ ಇದು. ಅನುಮಾನವಿರುವ ಗೆರೆಯನ್ನು ಅಡ್ಡವಾಗಿ ದಾಟುವ ಒಂದು ದಾರಿಯನ್ನು ಆರಿಸಿಕೊಳ್ಳಿ. ಎರಡು ಮೂರು ಕಿ.ಮೀ.ಗೊಮ್ಮೆ ನಿಂತು ಮಣ್ಣು ಕೊರೆದು ನೋಡಿ, ಬಣ್ಣ, ಆಳ, ಕಲ್ಲಿನ ಪ್ರಮಾಣ ಬರೆದುಕೊಳ್ಳಿ. ಬೆಳೆ, ಬದು, ಕಳೆಗಳನ್ನು ಗಮನಿಸಿ.

ಅದಕ್ಕಿಂತ ಮುಖ್ಯವಾಗಿ ಕೇಳಿ. ನೀವು ಯಾವ ವಲಯದವರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಬಿತ್ತನೆಯ ಹದ ಎಲ್ಲಿಂದಾಚೆ ಬದಲಾಗುತ್ತದೆ? ಈ ಮಣ್ಣಿಗೆ ನೀವೇನು ಹೆಸರು ಹೇಳುತ್ತೀರಿ? ಮಳೆ ನಿಂತ ಮೇಲೆ ಎಷ್ಟು ದಿನಕ್ಕೆ ಹೊಲಕ್ಕೆ ಇಳಿಯಲು ಆಗುತ್ತದೆ? ಯಾವ ತಗ್ಗಿನಲ್ಲಿ ಇಬ್ಬನಿ ಹೆಚ್ಚು? ಇಂಥ ಪ್ರಶ್ನೆಗಳಿಗೆ ಅವರ ಬಳಿ ಉಪಗ್ರಹಕ್ಕೂ ಕಾಣದ ಉತ್ತರಗಳಿವೆ. ಬೀಜ ಕಾಪಿಡುವುದು, ಕಳೆ ತೆಗೆಯುವುದು ಬಹಳ ಕಡೆ ಹೆಂಗಸರ ಕೆಲಸ. ಅವರನ್ನು ಬಿಟ್ಟು ಗಂಡಸರನ್ನಷ್ಟೇ ಮಾತನಾಡಿಸಿದರೆ ಅರ್ಧ ತಿಳಿವಳಿಕೆ ಮನೆಯೊಳಗೇ ಉಳಿಯುತ್ತದೆ. ನಕ್ಷೆಯ ದೊಡ್ಡ ಪ್ರತಿಯನ್ನು ನೆಲದ ಮೇಲೆ ಹರಡಿ, ಪೆನ್ಸಿಲ್ ಅವರ ಕೈಗೆ ಕೊಡಿ.

ಅವರು ಎಳೆದ ಗೆರೆ ನಿಮ್ಮದಕ್ಕೆ ಹೊಂದದಿದ್ದರೆ ತಕ್ಷಣ ತಿದ್ದಲೂ ಬೇಡಿ, ತಳ್ಳಿಹಾಕಲೂ ಬೇಡಿ. ಎರಡನ್ನೂ ದಾಖಲಿಸಿ ಕಾರಣ ಹುಡುಕಿ. ನಿಮ್ಮ ಲೆಕ್ಕದಲ್ಲಿ ಸೇರದ ಒಂದು ಪದರ, ಉದಾಹರಣೆಗೆ ಭೂಮಿಯಡಿಯ ಉಪ್ಪುನೀರು, ಅಲ್ಲಿ ಇರಬಹುದು. ಒಂದು ಹೊಣೆಯೂ ಇದೆ: ರೈತರ ಹೊಲದ ನಿಖರ ಸ್ಥಾನವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ. ಇಡೀ ಚೌಕದ ಮಟ್ಟಕ್ಕೆ ಮಸುಕುಗೊಳಿಸಿ.

ಹೆಜ್ಜೆ 10: ಕಾಲವನ್ನು ನಕ್ಷೆಯೊಳಗೆ ತನ್ನಿ

ತಾಣ ಅಲ್ಲೇ ಇರುತ್ತದೆ, ಪ್ರದೇಶ ಅದರ ಕಾಲಡಿಯಿಂದ ಸರಿಯುತ್ತದೆ. ಪೊವೆಲ್‌ನ 100ನೇ ರೇಖಾಂಶದ ಗೆರೆ ಪೂರ್ವಕ್ಕೆ ಜರುಗುತ್ತಿದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಐವತ್ತು ವರ್ಷದ ಪ್ರಯೋಗ ಹೂಡುವವರು ಇದನ್ನು ಇಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದೇ ವಿಧಾನದಿಂದ 1961ರಿಂದ 1990ರ ಸರಾಸರಿ ಬಳಸಿ ಇನ್ನೊಂದು ನಕ್ಷೆ ಮಾಡಿ. ಆದರೆ ಗುಂಪುಗಳ ಕೇಂದ್ರಬಿಂದುಗಳನ್ನು, ಅಂದರೆ ಪ್ರತಿ ಗುಂಪಿನ ಸರಾಸರಿ ಗುಣಗಳನ್ನು, ಮೊದಲ ನಕ್ಷೆಯಲ್ಲಿದ್ದಂತೆಯೇ ಉಳಿಸಿ, ಇಲ್ಲವಾದರೆ ನೆಲ ಬದಲಾಯಿತೋ ಅಳತೆಗೋಲು ಬದಲಾಯಿತೋ ತಿಳಿಯುವುದಿಲ್ಲ. ಎರಡು ನಕ್ಷೆಗಳ ನಡುವೆ ಗುಂಪು ಬದಲಿಸಿದ ಚೌಕಗಳನ್ನು ಗುರುತಿಸಿ. ನಿಮ್ಮ ತಾಣ ಅಂಥ ಚೌಕದಲ್ಲಿದ್ದರೆ ಅದು ಕೆಟ್ಟ ಸುದ್ದಿಯೇನಲ್ಲ. ಬದಲಾವಣೆಯನ್ನು ನೇರವಾಗಿ ಅಳೆಯಲು ಅದು ಅಪರೂಪದ ಜಾಗ. ನೆಲಬಳಕೆಯ ಪದರಗಳನ್ನು ಐದು ವರ್ಷಕ್ಕೊಮ್ಮೆಯಾದರೂ ಹೊಸದಾಗಿಸಿ. ಒಂದು ಕಾಲುವೆ, ಒಂದು ಸಕ್ಕರೆ ಕಾರ್ಖಾನೆ ಬಂದರೆ ಸಾಕು, ಹವಾಮಾನಕ್ಕಿಂತ ಬೇಗ ಬೇಸಾಯ ಬದಲಾಗುತ್ತದೆ.

ಹೆಜ್ಜೆ 11: ಪ್ರಕಟಿಸಿ, ಪರೀಕ್ಷೆಗೆ ಒಡ್ಡಿ

ಚಿತ್ರವನ್ನಷ್ಟೇ ಕೊಟ್ಟರೆ ಬೇರೆಯವರು ಅದನ್ನು ಬಳಸಲಾಗದು. ಜಿಯೋಟಿಫ್ ಮತ್ತು ಜಿಯೋಪ್ಯಾಕೇಜ್ ಎಂಬ ಬಗೆಯ ನಕ್ಷೆ ಕಡತಗಳು, ಬಳಸಿದ ಪದರಗಳ ಪಟ್ಟಿ, ಲೆಕ್ಕ ಮಾಡಿದ ಕೋಡ್, ಆವೃತ್ತಿ ಸಂಖ್ಯೆ, ಮಾಹಿತಿಯ ಅವಧಿ ಎಲ್ಲವೂ ಜತೆಗಿರಲಿ. ಕೆಂಪು ಹಸಿರು ಗುರುತಿಸಲಾಗದ ಓದುಗರಿಗೂ ತಿಳಿಯುವ ಬಣ್ಣಗಳನ್ನು ಆರಿಸಿ. ವಲಯಗಳಿಗೆ ಬರೀ ಸಂಖ್ಯೆ ಕೊಡಬೇಡಿ. ‘ಆಳ ಕಪ್ಪುಮಣ್ಣಿನ ಮಳೆಯಾಶ್ರಿತ ಬಯಲು’ ಎಂಬಂಥ ಹೆಸರು ಕೇಳಿದೊಡನೆ ನೆಲ ಕಣ್ಣಿಗೆ ಕಟ್ಟುತ್ತದೆ.

ಪರೀಕ್ಷೆಗೆ, ನಕ್ಷೆ ಮಾಡುವಾಗ ಬಳಸದೇ ಇದ್ದ ಮಾಹಿತಿಯನ್ನು ತೆಗೆದಿಟ್ಟುಕೊಂಡಿರಬೇಕು: ರೈತರ ಹೊಲಗಳ ಇಳುವರಿ ದಾಖಲೆ, ಉಪಗ್ರಹದಿಂದ ಪಡೆದ ಹಸಿರಿನ ಏರಿಳಿತದ ಸರಣಿ, ಉಪತಾಕುಗಳ ಫಲಿತಾಂಶ. ಪ್ರದೇಶಗಳ ನಡುವಿನ ವ್ಯತ್ಯಾಸ, ಪ್ರದೇಶದೊಳಗಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿದೆಯೇ ನೋಡಿ. ಒಂದು ಗೆರೆಯ ಎರಡೂ ಬದಿಯಲ್ಲಿ ಬೆಳೆ ಹಲವು ವರ್ಷ ಒಂದೇ ರೀತಿ ನಡೆದುಕೊಂಡರೆ, ಆ ಗೆರೆ ಎಷ್ಟೇ ಶ್ರಮದಿಂದ ಬಂದಿದ್ದರೂ ಮುಂದಿನ ಆವೃತ್ತಿಯಲ್ಲಿ ಅದನ್ನು ಅಳಿಸಿ, ಏಕೆ ಅಳಿಸಿದಿರಿ ಎಂಬುದನ್ನು ದಿನಾಂಕದೊಂದಿಗೆ ಕಡತದಲ್ಲಿ ಬರೆಯಿರಿ.